ಹೊಳಿ ಬಂದದ್ದು ಕತೆಯೊಳಗ ಯಾಕ ಬರಲಿಲ್ಲ?

ನನ್ನ ತಪ್ಪಿನಿಂದಲೇ ಸುರು ಮಾಡುತ್ತೇನೆ. 2019ರ ಡಿಸೆಂಬರಿನಲ್ಲಿ ಹುಕ್ಕೇರಿ ಕಡೆಯ ಒಂದು ಕಥಾಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಕಾಲೇಜು ಹುಡುಗ ಹುಡುಗಿಯರ ಕತೆಗಳು. ಅದರಾಗ ಒಂದು, ನಮ್ಮ ಕೇರಿಯಂಥದೇ ಒಂದು ಕೇರಿಯ ಹುಡುಗಿ ಬರೆದದ್ದು. ಬೇಸಿಗೆಯಲ್ಲಿ ಒಂದು ಕೊಡ ನೀರಿಗಾಗಿ ಎರಡು ಮೈಲಿ ನಡೆಯುವ ತಾಯಿ. ಅದೇ ವರ್ಷದ ಶ್ರಾವಣದಲ್ಲಿ ಅದೇ ತಾಯಿಯ ಮನೆಯನ್ನು ನೀರು ಎತ್ತಿಕೊಂಡು ಹೋಗುತ್ತದೆ. ತೇಲಿ ಹೋಗುವ ಸಾಮಾನಿನೊಳಗೆ ಆ ಖಾಲಿ ಕೊಡವೂ ಇರುತ್ತದೆ. ನಾನು ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆದೆ: 'ಕಾಕತಾಳೀಯ ಹೆಚ್ಚಾಯಿತು. ಸಂಭವನೀಯತೆ ಕಡಿಮೆ.' ಐವತ್ತಕ್ಕೆ ಹದಿನೆಂಟು ಅಂಕ ಕೊಟ್ಟೆ.

ಹೀಗೆ ಬರೆದ ಕೈ ಯಾವುದೆಂದರೆ, ಅದಕ್ಕೂ ನಾಕು ತಿಂಗಳ ಹಿಂದೆ, ಆಗಸ್ಟಿನ ಪಂಚಮಿ ವಾರದಲ್ಲಿ, ಮೂಡಲಗಿ ತಾಲ್ಲೂಕಿನ ನಮ್ಮೂರ ಕೇರಿಯಿಂದ ಅವ್ವನನ್ನು ಎತ್ತಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂರಿಸಿದ ಕೈ. ಅದೇ ವರ್ಷದ ಏಪ್ರಿಲಿನಲ್ಲಿ ಟ್ಯಾಂಕರಿನ ಮುಂದೆ ಸಾಲು ಹಚ್ಚಿ ಅವ್ವನ ಕೊಡ ತುಂಬಿಸಿಕೊಟ್ಟದ್ದೂ ಅದೇ ಕೈ. ಬದುಕಿನಲ್ಲಿ ಕಂಡದ್ದನ್ನು ಕಾಗದದ ಮೇಲೆ ಕಂಡಾಗ ನಂಬಲಾಗದಂಥ ವಿಮರ್ಶೆಯನ್ನು ನಾನು ಎಲ್ಲಿ ಕಲಿತೆ? ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿ ಹೋಗುವ ಪ್ರಯತ್ನ.

ಹವಾಮಾನ ಬದಲಾವಣೆಯ ಕುರಿತು ಕಾದಂಬರಿ ಯಾಕೆ ಮೂಕವಾಗಿದೆ ಎಂದು ಕೇಳಿದವರಲ್ಲಿ ಅಮಿತಾವ್ ಘೋಷ್ ಮುಖ್ಯರು. 2016ರಲ್ಲಿ ಬಂದ ಅವರ 'ದಿ ಗ್ರೇಟ್ ಡಿರೇಂಜ್‌ಮೆಂಟ್' ಪುಸ್ತಕದ ವಾದವನ್ನು ಸರಳವಾಗಿ ಹೀಗೆ ಹೇಳಬಹುದು. ಯುರೋಪಿನಲ್ಲಿ ರೂಪುಗೊಂಡು ನಮ್ಮ ತನಕ ಬಂದ ವಾಸ್ತವವಾದಿ ಕಾದಂಬರಿ 'ದಿನಾ ನಡೆಯುವಂಥದು' ಎಂಬುದರ ಮೇಲೆ ನಿಂತಿದೆ. ಮನೆ, ಮದುವೆ, ನೌಕರಿ, ಮನಸ್ಸಿನ ತಳಮಳ. ಅಪರೂಪದ್ದು, ಒಮ್ಮೆಲೇ ಬಂದು ಎರಗುವಂಥದು ಅದಕ್ಕೆ ಒಗ್ಗುವುದಿಲ್ಲ. ಅಂಥದು ಪುರಾಣಕ್ಕೆ, ಪವಾಡಕ್ಕೆ, ಈಚೆಗೆ ವೈಜ್ಞಾನಿಕ ಕಟ್ಟುಕತೆಗೆ ಸೇರಿದ್ದು ಎಂದು ಅದು ಹೊರಗಿಟ್ಟಿತು. ಘೋಷ್ ತಮ್ಮದೇ ಉದಾಹರಣೆ ಕೊಡುತ್ತಾರೆ. 1978ರ ಮಾರ್ಚ್ 17ರಂದು ದಿಲ್ಲಿಯಲ್ಲಿ ಸುಂಟರಗಾಳಿಯೊಂದು ಅವರ ಕಣ್ಣೆದುರೇ ಹಾದುಹೋಯಿತು. ಕಾದಂಬರಿಕಾರರಾದ ಮೇಲೂ ಅದನ್ನು ಕಾದಂಬರಿಯಲ್ಲಿ ತರಲಿಕ್ಕೆ ಅವರಿಂದ ಆಗಲಿಲ್ಲ. ಓದುವವರು 'ಲೇಖಕ ಸುಳ್ಳು ಜೋಡಿಸಿದ' ಅಂದಾರು ಎಂಬ ಅಳುಕು. ನನ್ನ ಕೆಂಪು ಪೆನ್ನಿನ ಅಪ್ಪ ಇಲ್ಲಿದ್ದಾನೆ.

ಘೋಷ್ ಅವರ ವಾದ ಅರ್ಧ ಸರಿ. ಉಳಿದರ್ಧವನ್ನು ಕೇರಿಯಲ್ಲಿ ನಿಂತು ಕೇಳಬೇಕಾಗುತ್ತದೆ: ಅಸಂಭವ ಅಂದರೆ ಯಾರಿಗೆ ಅಸಂಭವ? ಹೊಳೆಯ ದಂಡೆಗೆ ಹತ್ತಿದ ಮೊದಲ ಸಾಲು ಮನೆ ಯಾರವು? ಊರ ನಡುವಿನ ಎತ್ತರದ ಗುಡಿಕಟ್ಟೆಯ ಮನೆಗೆ ನೀರು ಬಂದರೆ ಅದು ಇತಿಹಾಸದ ಘಟನೆ, ಪೇಪರಿಗೆ ಸುದ್ದಿ. ಕೇರಿಗೆ ನೀರು ಬಂದರೆ ಅದು ಶ್ರಾವಣ. ಕನ್ನಡ ಕಾದಂಬರಿಯ ಬಹುಪಾಲು ಊರ ನಡುವೆ ನಿಂತು ನೋಡಿದೆ. ಅಲ್ಲಿ ನಿಂತವನಿಗೆ ಕಾಣುವ 'ದಿನನಿತ್ಯ'ವೇ ಅದರ ವಾಸ್ತವವಾಯಿತು.

ನೆಲದ ಕಡೆಗೆ ಬರೋಣ. ಘಟಪ್ರಭೆ ಸಹ್ಯಾದ್ರಿಯ ಮಳೆಯ ಹೊಳೆ; ನಾವಿರುವುದು ಮಳೆನೆರಳಿನ ನೆಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ ಅದಕ್ಕೆ ಆಣೆಕಟ್ಟು, 1977ರಲ್ಲಿ ಮುಗಿದದ್ದು, ಸುಮಾರು 51 ಟಿಎಂಸಿ ಹಿಡಿಯುವಂಥದು. ಕೆಳಗೆ ಹಿರಣ್ಯಕೇಶಿ ಬಂದು ಕೂಡುತ್ತದೆ, ಆಮೇಲೆ ಬ್ರಿಟಿಷರ ಕಾಲದ ಧೂಪದಾಳ ಒಡ್ಡು, ಆಮೇಲೆ ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಜಿಗಿತ. (1887ರಲ್ಲೇ ಇಲ್ಲಿ ನೀರಿನಿಂದ ಕರೆಂಟು ತೆಗೆದರು ಎಂಬುದು ನಮ್ಮ ಭಾಗದವರ ಹೆಮ್ಮೆ. ನಮ್ಮ ಕೇರಿಗೆ ಆ ಕರೆಂಟು ಬರಲಿಕ್ಕೆ ಇನ್ನೂ ತೊಂಬತ್ತು ವರ್ಷ ಹಿಡಿಯಿತು.) ಗೋಕಾಕದ ಹತ್ತಿರ ಮಾರ್ಕಂಡೇಯ ಸೇರಿ, ಮುಂದೆ ಮೂಡಲಗಿಯ ಹಳ್ಳಿಗಳ ಪಕ್ಕ ಹಾದು ಬಾಗಲಕೋಟೆಯ ಕಡೆ ಹೊರಳುತ್ತದೆ. ಹಾಗಾಗಿ ನಮ್ಮಲ್ಲಿ ಮಳೆ ಬಾರದೆಯೂ ಹೊಳೆ ಬರುತ್ತದೆ. ಆಕಾಶ ಬಿಳಿಚಿಕೊಂಡಿರುತ್ತದೆ, ಹೊಲ ಬಾಯಿ ಬಿಟ್ಟಿರುತ್ತದೆ, ಹೊಳೆ ಮಾತ್ರ ಕೆಂಪಗಾಗಿ ಏರುತ್ತದೆ. ನಮ್ಮ ಆಯಿ ಹೊಳೆಯ ಬಣ್ಣ ನೋಡಿ 'ಮ್ಯಾಲ ಘಟ್ಟದಾಗ ಹೊಡದೈತಿ' ಅಂತಿದ್ದಳು. ಬಂಡೆಯ ಒಂದು ಗೆರೆ ಮುಳುಗಿದರೆ ಜ್ವಾಳದ ಚೀಲ ಎತ್ತಿಡಬೇಕು, ಇನ್ನೊಂದು ಮುಳುಗಿದರೆ ಮಕ್ಕಳನ್ನು. ಅದು ಅವಳ ವಿಜ್ಞಾನ.

2019ರಲ್ಲಿ ಆ ಎರಡೂ ಗೆರೆ ಒಂದೇ ರಾತ್ರಿ ಮುಳುಗಿದವು. ಗೋಕಾಕದ ಲೋಳಸೂರ ಸೇತುವೆಯ ಮೇಲೆ ನೀರು ಹರಿಯಿತು, ಊರಿನ ಪೇಟೆಗೇ ನೀರು ಹೊಕ್ಕಿತು. 2021ರ ಜುಲೈಯಲ್ಲಿ ಮತ್ತೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರಕಾರವೇ ಸಾರಿತು. 2024ರ ಜುಲೈಯಲ್ಲಿ ಪುನಃ ಹೊಳೆ. ಇದನ್ನು ಕಾಕತಾಳೀಯ ಅನ್ನಬೇಕಾದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರಬೇಕು.

ಇದರ ಹಿಂದಿನ ಕಾರಣ ಅಷ್ಟೇನೂ ಗಹನವಲ್ಲ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ನೂರಕ್ಕೆ ಸುಮಾರು 7ರಷ್ಟು ಹೆಚ್ಚುತ್ತದೆ. ಕಾದ ಅರಬ್ಬೀ ಸಮುದ್ರದ ಮೇಲಿಂದ ಬರುವ ಗಾಳಿ ಹೀಗೆ ಹೊಟ್ಟೆ ತುಂಬಿಕೊಂಡು ಬಂದು ಒಂದೆರಡು ದಿನದಲ್ಲೇ ಸುರಿದುಬಿಡುತ್ತದೆ. ನಡುವೆ ವಾರಗಟ್ಟಲೆ ಒಣಗಿಸುತ್ತದೆ. ಹವಾಮಾನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯಭಾರತದ ಅಡ್ಡಪಟ್ಟಿಯಲ್ಲಿ ವ್ಯಾಪಕವಾದ ಅತಿಮಳೆಯ ಘಟನೆಗಳು ಮೂರು ಪಟ್ಟಾಗಿವೆ. ಒಟ್ಟು ಮುಂಗಾರು ಮಳೆ ಮಾತ್ರ ಇಳಿದಿದೆ. ಅಂದರೆ ಬರ ಮತ್ತು ಹೊಳೆ ಒಂದಕ್ಕೊಂದು ವಿರುದ್ಧವಲ್ಲ, ಒಂದೇ ತಾಯಿಯ ಮಕ್ಕಳು. ಇದಕ್ಕೆ ಮನುಷ್ಯರ ಕೈವಾಡವನ್ನೂ ಕೂಡಿಸಬೇಕು. ಕಬ್ಬಿಗೆ ನೀರು ಬೇಕು, ಆಣೆಕಟ್ಟು ಬೇಗ ತುಂಬಬೇಕು ಎಂಬ ಆಸೆ ಎಲ್ಲರದೂ. ತುಂಬಿದ ಆಣೆಕಟ್ಟಿನ ಮೇಲೆ ಘಟ್ಟದ ಮಳೆ ಬಿದ್ದರೆ ಬಾಗಿಲು ತೆಗೆಯದೆ ಗತಿಯಿಲ್ಲ. ಮಿರ್ಗಾ, ಆರಿದ್ರಾ, ಆಶ್ಲೇಷ ಎಂದು ಮಳೆಗೆ ಹೆಸರಿಟ್ಟು ಬಿತ್ತನೆ ನಡೆಸಿದ ಲೆಕ್ಕ ತಪ್ಪಿದೆ. ಹಳೆಯ ಗ್ರಾಮೀಣ ಕಾದಂಬರಿಯ ಕಾಲಗಣನೆ ನಿಂತದ್ದು ಆ ಲೆಕ್ಕದ ಮೇಲೆ.

ಈಗ ಕನ್ನಡದ ಕತೆ-ಕಾದಂಬರಿಗೆ ಬರುತ್ತೇನೆ. ನಮ್ಮಲ್ಲಿ ಪರಿಸರ ಅಂದ ಕೂಡಲೇ ವಿಮರ್ಶಕರ ನಾಲಗೆಗೆ ಬರುವ ಹೆಸರು ತೇಜಸ್ವಿ. 'ಕರ್ವಾಲೊ', 'ಚಿದಂಬರ ರಹಸ್ಯ', 'ಜುಗಾರಿ ಕ್ರಾಸ್'. ಅವರ ಋಣ ದೊಡ್ಡದು, ಅದನ್ನು ಅಲ್ಲಗಳೆಯುವ ಹುಂಬತನ ನನಗಿಲ್ಲ. ಶರಾವತಿಯ ಮುಳುಗಡೆಯನ್ನು ಬಿಡದೆ ಬರೆದವರು ನಾ. ಡಿಸೋಜ, 'ದ್ವೀಪ'ದಲ್ಲಿ ಏರುವ ನೀರೇ ಕತೆಯನ್ನು ನಡೆಸುತ್ತದೆ. ಆದರೆ ಗಮನಿಸಿ: ಇವೆಲ್ಲ ಮಲೆನಾಡು. ಕನ್ನಡದ ಸಂವೇದನೆಗೆ ಕಾಡಿದ್ದರೆ ಮಾತ್ರ ಪ್ರಕೃತಿ. ನಮ್ಮ ಜಾಲಿ ಕಂಟಿ, ಎರೆ ನೆಲ, ಕಾಲುವೆ ನೀರು ಹೆಚ್ಚಾಗಿ ಬೆಳ್ಳಗೆ ಉಪ್ಪೆದ್ದ ಸವಳು-ಜವಳು ಹೊಲ, ಇವು ಪ್ರಕೃತಿಯೂ ಅಲ್ಲ, ಪರಿಸರವೂ ಅಲ್ಲ. ಬರೇ ಬಡತನದ ಹಿನ್ನೆಲೆ.

ನಮ್ಮ ಭಾಗಕ್ಕೆ ಲೇಖಕರ ಬರ ಇಲ್ಲ. ಬಸವರಾಜ ಕಟ್ಟೀಮನಿಯವರು ಗೋಕಾಕ ತಾಲ್ಲೂಕಿನ ಮಲಾಮರಡಿಯವರು. ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲ್ಲೂಕಿನ, ಇದೇ ಘಟಪ್ರಭೆಯ ಮಗ್ಗುಲಿನ ಘೋಡಗೇರಿಯವರು. ಕಟ್ಟೀಮನಿಯವರ ಪ್ರಗತಿಶೀಲ ಕಣ್ಣಿಗೆ ಮಠ, ಜಮೀನ್ದಾರ, ಮಾಲೀಕ ಕಂಡರು; ಅವರ ಸಿಟ್ಟಿನ ಗುರಿ ಮನುಷ್ಯ. ಸರಿಯೇ. ಹೊಳೆಯೂ ಒಂದು ಆಸ್ತಿ, ಅದಕ್ಕೂ ಮಾಲೀಕರಿದ್ದಾರೆ ಎಂಬ ಮಾತಿಗೆ ಆ ಕಾಲ ಬಂದಿರಲಿಲ್ಲ. ಕಂಬಾರರ ಶಿವಾಪುರದ ಲೋಕ ಬೇರೆ. ಅಲ್ಲಿ ಮಳೆ, ಬೆಳೆ, ಹೆಣ್ಣು, ದೇವಿ ಎಲ್ಲ ಒಂದೇ ಫಲವಂತಿಕೆಯ ಬೇರಿನವು. 'ಜೋಕುಮಾರಸ್ವಾಮಿ'ಯ ಹಿಂದೆ ಭಾದ್ರಪದದ ಮಳೆದೇವರಿದ್ದಾನೆ, 'ಕರಿಮಾಯಿ'ಯಲ್ಲಿ ಊರನ್ನು ಕಾಯುವ ತಾಯಿ. ಈ ಪುರಾಣದ ಬಾಯಿಗೆ ಅಸಂಭವವನ್ನು ನುಂಗುವ ತಾಕತ್ತಿದೆ; ಘೋಷ್ ದೂರುವ ವಾಸ್ತವವಾದದ ಕಾಯಿಲೆ ಇದಕ್ಕಿಲ್ಲ. ಆದರೆ ನನ್ನ ತಕರಾರು ಇದು: ದೇವಿ ಮುನಿದರೆ ಊರಿಗೆಲ್ಲ ಒಂದೇ ಸಮ ಮುನಿಯುತ್ತಾಳೆ. ಹೊಳೆ ಹಾಗೆ ಮುನಿಯುವುದಿಲ್ಲ, ಅದು ತಗ್ಗು ನೋಡಿ ಬರುತ್ತದೆ. ತಗ್ಗಿನಲ್ಲಿ ಯಾರನ್ನು ಇಟ್ಟಿದ್ದಾರೆ ಎಂಬುದನ್ನು ದೇವಿ ತೀರ್ಮಾನ ಮಾಡಲಿಲ್ಲ.

ಬರದ ಕತೆಗೂ ಇದೇ ಗತಿ. ಅನಂತಮೂರ್ತಿಯವರ 'ಬರ' ನನ್ನ ಮೆಚ್ಚಿನ ಕತೆಗಳಲ್ಲೊಂದು. ಬರ ಅನ್ನುವುದು ಆಕಾಶದಿಂದ ಬೀಳುವುದಿಲ್ಲ, ಅದನ್ನು ಘೋಷಿಸಬೇಕು, ಘೋಷಣೆಯ ಹಿಂದೆ ರಾಜಕಾರಣ ಇರುತ್ತದೆ ಎಂಬುದನ್ನು ಅಷ್ಟು ಚೊಲೋ ಬಿಡಿಸಿಟ್ಟ ಕತೆ ಮತ್ತೊಂದಿಲ್ಲ. ಆದರೂ ಅದರ ಒಳಗಿನ ಕಣ್ಣು ಜಿಲ್ಲಾಧಿಕಾರಿಯದು. ಬರಗಾಲ ಅವನ ಆತ್ಮಸಾಕ್ಷಿಯ ಪರೀಕ್ಷೆಯಾಗುತ್ತದೆ. ನೀರಿಲ್ಲದವನ ಬಾಯಿ ಒಣಗುವುದು ಒಬ್ಬ ಸಂಭಾವಿತನ ಮನಸ್ಸು ಕಲಕುವುದಕ್ಕೆ ನಿಮಿತ್ತ. ನವ್ಯದಲ್ಲಿ ಇದೊಂದು ರೋಗ. ಜಗತ್ತೇ ಉರಿದರೂ ಅದು ನಾಯಕನ ಒಳಗುದಿಯ ರೂಪಕವಾಗಿಬಿಡುತ್ತದೆ. ಈ ನವ್ಯದ ಪಾಠವೇ ನನ್ನ ಕೆಂಪು ಪೆನ್ನಿನ ಇನ್ನೊಂದು ಮಸಿ.

ಇದಕ್ಕಿಂತ ಬಹಳ ಹಿಂದಿನ ಒಂದು ಪುಟಕ್ಕೆ ನಾನು ಮತ್ತೆ ಮತ್ತೆ ಹೋಗುತ್ತೇನೆ. 1933ರ 'ಚೋಮನ ದುಡಿ'. ಚೋಮನ ಮಗ ನೀರಿನಲ್ಲಿ ಮುಳುಗುತ್ತಾನೆ. ದಂಡೆಯ ಮೇಲೆ ಜನರಿದ್ದಾರೆ. ಮುಟ್ಟಿದರೆ ಮೈಲಿಗೆ, ಹಾಗಾಗಿ ಕೈ ಮುಂದೆ ಬರುವುದಿಲ್ಲ. ನಮ್ಮ ವಿಮರ್ಶೆ ಈ ಪುಟವನ್ನು ತೊಂಬತ್ತು ವರ್ಷದಿಂದ ಅಸ್ಪೃಶ್ಯತೆಯ ಪುಟವೆಂದು ಓದಿದೆ. ಅದು ಸರಿ. ಆದರೆ ಅದನ್ನು ನೀರಿನ ಪುಟವೆಂದು ಯಾರೂ ಓದಲಿಲ್ಲ. ಮುಳುಗುವುದಕ್ಕೆ ನೀರು ಎಷ್ಟು ಕಾರಣ, ದಂಡೆ ಎಷ್ಟು ಕಾರಣ? ಇಂದು ವಿಜ್ಞಾನಿಗಳೂ ಸಮಾಜಶಾಸ್ತ್ರಜ್ಞರೂ 'ಪ್ರಕೃತಿ ವಿಕೋಪ ಎಂಬುದು ಪೂರಾ ಪ್ರಾಕೃತಿಕವಲ್ಲ, ಅಪಾಯಕ್ಕೆ ಯಾರು ಒಡ್ಡಿಕೊಂಡಿದ್ದಾರೆ ಎಂಬುದನ್ನು ಸಮಾಜ ತೀರ್ಮಾನಿಸುತ್ತದೆ' ಎಂದು ಹೇಳುತ್ತಾರಲ್ಲ, ಅದೆಲ್ಲ ಆ ಪುಟದಲ್ಲಿ ಇದೆ. ನನ್ನ ಮಟ್ಟಿಗೆ ಕನ್ನಡದಲ್ಲಿ ಹವಾಮಾನದ ಕಾದಂಬರಿ ಹುಡುಕುವವರು ಹೊಸ ಪುಸ್ತಕದ ಅಂಗಡಿಗೆ ಹೋಗುವ ಮೊದಲು ಹಳೆಯ ಈ ಪುಟಕ್ಕೆ ಹೋಗಬೇಕು.

2004ರ ಸುನಾಮಿಯ ಮೇಲೆ ತಮಿಳುನಾಡಿನ ಪರಿಹಾರ ಶಿಬಿರಗಳಲ್ಲಿ ದಲಿತರನ್ನು ಬೇರೆ ಇಟ್ಟದ್ದು ದಾಖಲಾಯಿತು. ಸಮುದ್ರ ಜಾತಿ ನೋಡದೆ ಬಂತು, ಕುಡಿಯುವ ನೀರಿನ ಟ್ಯಾಂಕು ನೋಡಿ ಬಂತು. ನಮ್ಮಲ್ಲೇನು ಕಡಿಮೆ? 2019ರಲ್ಲಿ ನೀರು ಇಳಿದ ಮೂರನೆಯ ದಿನ, ಊರಿನ ಹಿರಿಯರೊಬ್ಬರು ನಮ್ಮ ಕೇರಿಯ ತುದಿಗೆ ಬಂದು ನಿಂತರು. ಕಬ್ಬಿನ ಹೊಲದಲ್ಲಿ ಸತ್ತ ಎಮ್ಮೆ ಉಬ್ಬಿ ನಾರುತ್ತಿದ್ದವು.

'ತಮ್ಮಾ, ನೀವು ನಾಕ ಮಂದಿ ಬಂದ್ರ ಎಳದ ಹಾಕಬಹುದು. ಇಲ್ಲಾಂದ್ರ ಊರಿಗೆಲ್ಲಾ ರೋಗ ಬೀಳ್ತದ' ಅಂದರು.

'ಮುತ್ಯಾನ ಕಾಲಕ್ಕ ಬಿಟ್ಟ ಕೆಲಸಾರಿ ಅದು' ಅಂತ ನಮ್ಮ ಕಾಕಾ ಹೇಳಿದ.

'ಹೊಳಿ ಬಂದಾಗ ಅದೆಲ್ಲಾ ಯಾರ ಲೆಕ್ಕಾ ಇಡ್ತಾರೊ?'

ಈ ಕೊನೆಯ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. 1927ರ ಮಹಾಡದ ಕಾಲದಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯುವುದು ಬಿಡಿ ಅಂದಿದ್ದರು. ಮೂರು ತಲೆಮಾರು ಗುದ್ದಾಡಿ ಬಿಟ್ಟ ಕೆಲಸ ಮೂರು ದಿನದ ನೀರಿಗೆ ತಿರುಗಿ ಬಾಗಿಲಿಗೆ ಬಂತು. ಹವಾಮಾನ ಬದಲಾವಣೆ ಭವಿಷ್ಯದ ಸಂಗತಿ ಅನ್ನುತ್ತಾರೆ. ನಮಗೆ ಅದು ಭೂತಕಾಲವನ್ನು ಹೊತ್ತು ತರುತ್ತದೆ. ಇದನ್ನು ಯಾವ ಕಾದಂಬರಿ ಬರೆದಿದೆ?

ಇನ್ನು ಉತಾರದ ಮಾತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಅಂತ ಸರಕಾರ ಆ ವರ್ಷ ಘೋಷಿಸಿತು. ಮನೆ ಇತ್ತು ಅನ್ನಲಿಕ್ಕೆ ಉತಾರ ಬೇಕು. ನಮ್ಮ ಕೇರಿಯ ಅರ್ಧ ಮನೆಗೆ ಉತಾರ ಇಲ್ಲ. ಹೊಳೆದಂಡೆಯ ಖಾಲಿ ಜಾಗದಾಗ ಮುತ್ಯಾಗಳು ಕಟ್ಟಿಕೊಂಡದ್ದು. ಕಚೇರಿಯ ಗುಮಾಸ್ತ ಬಿದ್ದ ಗೋಡೆಯ ಫೋಟೊ ನೋಡಿ 'ಇದು ನಿಮ್ಮದ ಅನ್ನೂದಕ್ಕ ಏನ ಆಧಾರ?' ಅಂದ. ನನ್ನ ಕೆಂಪು ಪೆನ್ನು ಆ ಹುಡುಗಿಗೆ ಕೇಳಿದ್ದು ಇದನ್ನೇ ಅಲ್ಲವೇ? ಕಚೇರಿಗೆ ದಾಖಲೆಯಿಲ್ಲದ ಮನೆ ಮನೆಯಲ್ಲ, ವಿಮರ್ಶೆಗೆ ಸಂಪ್ರದಾಯದಲ್ಲಿ ದಾಖಲೆಯಿಲ್ಲದ ಅನುಭವ ಅನುಭವವಲ್ಲ. ಹಿಡಕಲ್ಲಿನ ನೀರು ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಮೇಲೆದ್ದು ಕಾಣುತ್ತದೆ. ಪೇಪರಿನವರು ಫೋಟೊ ಹಾಕುತ್ತಾರೆ, ಜನ ನೋಡಲು ಹೋಗುತ್ತಾರೆ. ಕಲ್ಲಿನ ಗುಡಿ ಉಳಿಯುತ್ತದೆ. ಮಣ್ಣಿನ ಗುಡಿಸಲು ಮೇಲೆದ್ದು ಬಂದು ಸಾಕ್ಷಿ ಹೇಳುವುದಿಲ್ಲ.

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ನಮ್ಮವರನ್ನೂ ಬಿಡಬಾರದು. 1973ರಲ್ಲಿ ಬಸವಲಿಂಗಪ್ಪನವರ 'ಬೂಸಾ' ಮಾತಿನಿಂದ ಎದ್ದ ಬೆಂಕಿಯಿಂದ ಇಲ್ಲಿಯವರೆಗೆ ನಾವು ದೊಡ್ಡ ಹಾದಿ ನಡೆದಿದ್ದೇವೆ. ದೇವನೂರರ 'ಒಡಲಾಳ'ದಲ್ಲಿ ಸಾಕವ್ವನ ಕಳೆದ ಕೋಳಿ, ಒಂದು ರಾತ್ರಿ ಮನೆಮಂದಿ ತಿಂದ ಕಡಲೆಕಾಯಿ, ಇಷ್ಟರಲ್ಲೇ ಒಂದು ಇಡೀ ಅರ್ಥವ್ಯವಸ್ಥೆ ಬಿಚ್ಚಿಕೊಂಡಿತು. ಆದರೆ ನಂತರ ಬಂದ ನಮ್ಮ ಬರವಣಿಗೆಯಲ್ಲಿ ಬಾವಿ ಬಂದಷ್ಟು ಹೊಳೆ ಬರಲಿಲ್ಲ. ಬಾವಿಯಲ್ಲಿ ಅವಮಾನವಿದೆ; ಅವಮಾನದ ದೃಶ್ಯ ಬೇಕೆಂದು ಓದುಗರೂ ಪಠ್ಯಪುಸ್ತಕದವರೂ ಕೇಳಿದರು, ನಾವು ಕೊಟ್ಟೆವು. ಬಿಸಿಲಿನಲ್ಲಿ ಇಟ್ಟಂಗಿ ಭಟ್ಟಿಯ ಮುಂದೆ ನಿಂತವಳ ಮೈ ಎಷ್ಟು ಡಿಗ್ರಿ ತಡೆಯುತ್ತದೆ, ಹಂಗಾಮಿನಲ್ಲಿ ಕಬ್ಬಿನ ಗ್ಯಾಂಗಿನ ಜೊತೆ ಹೋದ ಕೂಸಿನ ಶಾಲೆ ಏನಾಯಿತು, ಇದನ್ನೆಲ್ಲ 'ದಲಿತ ಅನುಭವ' ಅಂತ ನಾವೇ ಗುರುತಿಸಲಿಲ್ಲ. ಮುಕುಲ್ ಶರ್ಮಾ 2017ರಲ್ಲಿ 'ಕಾಸ್ಟ್ ಅಂಡ್ ನೇಚರ್' ಎಂಬ ಇಂಗ್ಲಿಷ್ ಪುಸ್ತಕ ಬರೆದು, ಭಾರತದ ಪರಿಸರವಾದ ಜಾತಿಯ ಕಡೆಗೆ ಹೇಗೆ ಕುರುಡಾಗಿದೆ, ದಲಿತರಿಗೆ ತಮ್ಮದೇ ಆದ ಪರಿಸರದ ತಿಳಿವಳಿಕೆ ಹೇಗಿದೆ ಎಂಬುದನ್ನು ವಿವರಿಸಬೇಕಾಯಿತು.

ಇನ್ನೊಂದು ಗುಂಡಿಯೂ ಇದೆ. ಪರಿಸರದ ಮಾತು ಬಂದ ಕೂಡಲೇ ಕೆಲವರು 'ಹಿಂದಿನ ಹಳ್ಳಿ ಎಷ್ಟು ಚಂದ ಇತ್ತು' ಎಂಬ ಹಾಡು ಸುರು ಮಾಡುತ್ತಾರೆ. ಆ ಚಂದದ ಹಳ್ಳಿಯ ಕೆರೆಯನ್ನು ಮುಟ್ಟುವುದಕ್ಕೆ ಮಹಾಡದಲ್ಲಿ ಹೊಡೆತ ತಿನ್ನಬೇಕಾಯಿತು. ಅಂಬೇಡ್ಕರರು 1942ರಿಂದ 1946ರ ತನಕ ವೈಸರಾಯರ ಮಂಡಲಿಯಲ್ಲಿದ್ದಾಗ ದಾಮೋದರ ಕಣಿವೆಯ ಯೋಜನೆಯ ಹಿಂದೆ ನಿಂತವರು. ಆಣೆಕಟ್ಟು ಬೇಡ, ಹೊಳೆ ತಾಯಿ ಅಂತ ಅವರು ಅನ್ನಲಿಲ್ಲ; ನೆರೆ ತಡೆಯಬೇಕು, ಕರೆಂಟು ಬರಬೇಕು, ಬಡವನಿಗೂ ಮುಟ್ಟಬೇಕು ಅಂದರು. ಹಾಗಾಗಿ ನಮ್ಮ ಪ್ರಶ್ನೆ ಆಣೆಕಟ್ಟು ಬೇಕೋ ಬೇಡವೋ ಎಂಬಷ್ಟು ಸಪಾಟಿಲ್ಲ. ಕಾಲುವೆ ಯಾರ ಹೊಲಕ್ಕೆ ಹೋಯಿತು, ಬಾಗಿಲು ತೆಗೆದಾಗ ನೀರು ಯಾರ ಮನೆಗೆ ಹೋಯಿತು?

ಬರೆಯಲಿಕ್ಕೆ ಬರುವುದಿಲ್ಲ ಅಂತಲ್ಲ. ಬಂಗಾಳಿಯಲ್ಲಿ ಮಾಲೊ ಮೀನುಗಾರ ಸಮುದಾಯದ ಅದ್ವೈತ ಮಲ್ಲಬರ್ಮನ್ ತಿತಾಸ್ ಹೊಳೆಯ ಮೇಲೆ ಬರೆದ ಕಾದಂಬರಿ ಅವರು ತೀರಿಕೊಂಡ ಮೇಲೆ 1956ರಲ್ಲಿ ಪುಸ್ತಕವಾಗಿ ಬಂತು. ಹೊಳೆ ಬತ್ತಿದಂತೆ ಒಂದು ಜಾತಿಯೇ ಕರಗಿಹೋಗುವ ಕತೆ. ಅಲ್ಲಿ ಹೊಳೆ ಹಿನ್ನೆಲೆಯಲ್ಲ, ಯಾಕಂದರೆ ಬರೆದವನ ಅನ್ನ ಅದರಲ್ಲಿತ್ತು. ಮರಾಠಿಯಲ್ಲಿ, ನಮ್ಮ ಪಕ್ಕದ ಕೊಲ್ಲಾಪುರದ ಸೀಮೆಯ ವಿಶ್ವಾಸ ಪಾಟೀಲರ 'ಝಾಡಾಝಡತಿ' ಆಣೆಕಟ್ಟಿನಿಂದ ಎತ್ತಂಗಡಿಯಾದವರ ಪಾಡನ್ನು ಹಿಡಿಯಿತು. 1992ರಲ್ಲಿ ಅಕಾಡೆಮಿ ಪ್ರಶಸ್ತಿಯೂ ಬಂತು. ಹಿಡಕಲ್ಲಿನಿಂದ ಎದ್ದು ಹೋದವರ ಮೇಲೆ ಅಂಥ ತೂಕದ ಕನ್ನಡ ಕಾದಂಬರಿ ನನ್ನ ಕೈಗೆ ಸಿಕ್ಕಿಲ್ಲ. ಗೋಕಾಕ ಅಂದರೆ ಕರದಂಟು, ಫಾಲ್ಸು, ಇಲ್ಲವೇ 1982ರ ಗೋಕಾಕ ಚಳವಳಿ. ಭಾಷೆಗಾಗಿ ಈ ಹೆಸರನ್ನು ಊರೂರು ಕೂಗಿದೆವು, ಈ ಹೆಸರಿನ ಊರಿನ ಹೊಳೆಗೆ ಆ ಭಾಷೆಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.

ಈಗ ನಾನು ವಿದ್ಯಾರ್ಥಿಗಳ ಜೊತೆ ಕತೆ ಓದುವಾಗ ಪಾತ್ರ, ವಸ್ತು, ತಂತ್ರ ಅನ್ನುವ ಮೊದಲು ಒಂದು ನಕಾಶೆ ಬರೆಸುತ್ತೇನೆ. ಹೊಳೆ ಎಲ್ಲಿದೆ, ತಗ್ಗು ಎಲ್ಲಿದೆ, ಯಾರ ಮನೆ ಎಲ್ಲಿದೆ, ನೀರು ಬರುವುದು ಯಾರಿಗೆ ಮೊದಲು ಗೊತ್ತಾಗುತ್ತದೆ, ಯಾರಿಗೆ ಹೇಳುತ್ತಾರೆ. ಕೆಲವು ಪ್ರಸಿದ್ಧ ಕಾದಂಬರಿಗಳಲ್ಲಿ ಕೇರಿಯನ್ನು ಎಲ್ಲಿ ಗುರುತಿಸುವುದೆಂದೇ ಹುಡುಗರಿಗೆ ತಿಳಿಯುವುದಿಲ್ಲ. ಲೇಖಕರಿಗೂ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ಆ ಹುಡುಗಿಯನ್ನು 2024ರ ಹೊಳೆ ಇಳಿದ ಮೇಲೆ ಮೂಡಲಗಿ ಬಸ್ ಸ್ಟ್ಯಾಂಡಿನಲ್ಲಿ ಕಂಡೆ. ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದಾಳೆ. ನಾನೇ ಹೋಗಿ ಮಾತಾಡಿಸಿ, ಹದಿನೆಂಟು ಅಂಕ ಕೊಟ್ಟವನು ನಾನೇ ಎಂದು ಹೇಳಿಕೊಂಡು, ಕತೆ ಕೊಡು, ಎಲ್ಲಿಯಾದರೂ ಅಚ್ಚು ಹಾಕಿಸೋಣ ಅಂದೆ.

'ಆ ನೋಟ್‌ಬುಕ್ಕು ಇಪ್ಪತ್ತೊಂದರ ಹೊಳ್ಯಾಗ ಹೋತ್ರಿ ಸರ. ತಿರಗಿ ಬರದೀನಿ' ಅಂದಳು. 'ಈಗ ಅದರಾಗ ಹೊಳಿ ಮೂರ ಸಲ ಬರ್ತದರಿ. ನೀವು ಮತ್ತ ಮಾರ್ಕ್ಸ್ ಕಡಿಮಿ ಮಾಡ್ತೀರೇನ ನೋಡ್ರಿ.'

ಅಷ್ಟರಾಗ ಅವಳ ಬಸ್ಸು ಬಂತು.